ರೈತರ ಹೊಲದ ಪ್ರಯೋಗಕ್ಕೂ ಸಂಶೋಧನೆಯ ಸ್ಥಾನ ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನದ ಗಾತ್ರ ಸಣ್ಣದಲ್ಲ. ಕೇಂದ್ರ ಮತ್ತು ರಾಜ್ಯಗಳ ಪಾಲು ಸೇರಿ 2,481 ಕೋಟಿ ರೂಪಾಯಿ ವೆಚ್ಚದಲ್ಲಿ 15 ಸಾವಿರ ಕ್ಲಸ್ಟರ್‌ಗಳು (ಅಕ್ಕಪಕ್ಕದ ಹೊಲಗಳ ಗುಂಪುಗಳು), ಏಳೂವರೆ ಲಕ್ಷ ಹೆಕ್ಟೇರ್ ಜಮೀನು ಮತ್ತು ಒಂದು ಕೋಟಿ ರೈತರನ್ನು ತಲುಪುವುದು, 10 ಸಾವಿರ ಜೈವಿಕ ಪರಿಕರ ಕೇಂದ್ರಗಳನ್ನೂ ಸುಮಾರು ಎರಡು ಸಾವಿರ ಮಾದರಿ ಪ್ರಾತ್ಯಕ್ಷಿಕೆ ತಾಕುಗಳನ್ನೂ ತೆರೆಯುವುದು ಅದರ ಗುರಿ. ಅನುಭವಿ ರೈತರನ್ನು ತರಬೇತುದಾರರನ್ನಾಗಿ ಬಳಸಿಕೊಳ್ಳುವ ಮಾತೂ ಅದರಲ್ಲಿದೆ, ಅದನ್ನು ಸ್ವಾಗತಿಸುತ್ತೇನೆ. ಆದರೆ ಒಟ್ಟಾರೆ ನೋಡಿದರೆ ರೈತನ ಪಾಲಿಗೆ ಬಂದಿರುವುದು ಕಲಿಯುವ ಮತ್ತು ಕಲಿತದ್ದನ್ನು ಹರಡುವ ಕೆಲಸ ಮಾತ್ರ. ಯಾವುದನ್ನು ಪರೀಕ್ಷಿಸಬೇಕು, ಹೇಗೆ ಅಳೆಯಬೇಕು, ಫಲಿತಾಂಶ ಯಾರ ಹೆಸರಿನಲ್ಲಿ ಹೊರಬರಬೇಕು ಎಂಬ ತೀರ್ಮಾನಗಳೆಲ್ಲ ಎಂದಿನಂತೆ ಸಂಶೋಧನಾ ಸಂಸ್ಥೆಗಳ ಕೈಯಲ್ಲೇ ಇವೆ. ರಸಗೊಬ್ಬರ, ಕೀಟನಾಶಕಗಳ ಹಂಗಿಲ್ಲದ ಬೇಸಾಯಕ್ಕೆ ಈ ಏರ್ಪಾಡು ಹೊಂದುವುದಿಲ್ಲ ಎಂಬುದು ಮಳೆಯಾಶ್ರಿತ ರಾಗಿ ಬೆಳೆಗಾರನಾದ ನನ್ನ ಖಚಿತ ಅಭಿಪ್ರಾಯ; ಅದಕ್ಕೆ ಕಾರಣಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲು ಬಯಸುತ್ತೇನೆ.

ಯೂರಿಯಾ ಚೀಲದ ಮೇಲೆ ಸಾರಜನಕ ಶೇ 46 ಎಂದು ಅಚ್ಚಾಗಿರುತ್ತದೆ. ಅದು ಮಂಡ್ಯದಲ್ಲೂ ಅಷ್ಟೇ, ಹಾವೇರಿಯಲ್ಲೂ ಅಷ್ಟೇ. ಸಗಣಿ, ಗಂಜಲ, ಬೆಲ್ಲ, ಹಿಟ್ಟು, ಹಿಡಿ ಮಣ್ಣು ಕಲಸಿ ಹುದುಗಿಸುವ ಜೀವಾಮೃತದ ಡ್ರಮ್ಮಿನ ಮೇಲೆ ಹಾಗೆ ಅಚ್ಚು ಹಾಕಲು ಬರುವುದಿಲ್ಲ. ಹಸು ಏನು ಮೇಯ್ದಿದೆ, ಬೆಲ್ಲ ಎಂಥದು, ಹಿಡಿ ಮಣ್ಣು ಯಾವ ಬದುವಿನದು, ಕಲಸಿ ಎಷ್ಟು ದಿನವಾಯಿತು, ಅದನ್ನು ಸುರಿಯುವ ಹೊತ್ತಿಗೆ ನೆಲದಲ್ಲಿ ಹಸಿ ಇತ್ತೇ ಇಲ್ಲವೇ ಎಂಬುದೆಲ್ಲ ಫಲವನ್ನು ಬದಲಿಸುತ್ತದೆ. ಹಸಿರೆಲೆ ಗೊಬ್ಬರ, ಮುಚ್ಚಿಗೆ, ಮಿಶ್ರಬೆಳೆ, ಬಿತ್ತನೆಯ ಮಳೆ, ಯಾವುದನ್ನು ತೆಗೆದುಕೊಂಡರೂ ಇದೇ ಕತೆ. ನಮ್ಮ ರಾಜ್ಯವನ್ನು ಕೃಷಿ ಹವಾಮಾನದ ದೃಷ್ಟಿಯಿಂದ 10 ವಲಯಗಳಾಗಿ ವಿಂಗಡಿಸಿದ್ದಾರೆ. ಆದರೆ ಒಂದೇ ವಲಯದ ಒಂದೇ ಊರಿನಲ್ಲಿ ದಿಣ್ಣೆಯ ಕೆಮ್ಮಣ್ಣಿನ ಹೊಲಕ್ಕೂ ಕೆರೆಯ ಹಿಂದಿನ ಎರೆಮಣ್ಣಿಗೂ ಅಜಗಜಾಂತರವಿದೆ. ಹೊರಗಿನಿಂದ ತಂದು ಸುರಿಯುವ ಪರಿಕರ ಕಡಿಮೆಯಾದಷ್ಟೂ ಆ ಜಾಗದ ಗುಣವೇ ಬೆಳೆಯನ್ನು ತೀರ್ಮಾನಿಸುತ್ತದೆ. ವಲಯಕ್ಕೊಂದು ಸಂಶೋಧನಾ ಕೇಂದ್ರ, ಕೇಂದ್ರಕ್ಕೆ ಕೆಲವು ತಾಕು, ಅಲ್ಲಿಂದ ಇಡೀ ವಲಯಕ್ಕೆ ಒಂದೇ ಶಿಫಾರಸು ಎಂಬ ಲೆಕ್ಕ ಅಲ್ಲಿ ತಪ್ಪುತ್ತದೆ.

ಹಾಗಾದರೆ ರೈತರು ತಾವಾಗಿಯೇ ಪ್ರಯೋಗ ನಡೆಸಿ ಗಟ್ಟಿಯಾದ ಫಲಿತಾಂಶ ಕಂಡುಕೊಂಡದ್ದುಂಟೇ ಎಂದು ಕೇಳಬಹುದು. ಹಾವೇರಿ ಜಿಲ್ಲೆಯ ರೈತರು ರೂಢಿಸಿಕೊಂಡ ಗುಳಿ ರಾಗಿ ಪದ್ಧತಿಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಹದ ಮಾಡಿದ ಹೊಲದಲ್ಲಿ ಸುಮಾರು ಒಂದೂವರೆ ಅಡಿ ಅಂತರಕ್ಕೆ ಉದ್ದಕ್ಕೂ ಅಡ್ಡಕ್ಕೂ ನೇಗಿಲ ಸಾಲು ಹೊಡೆಯುತ್ತಾರೆ. ಎರಡು ಸಾಲುಗಳು ಕತ್ತರಿಸುವ ಕಡೆ ಉಂಟಾಗುವ ಗುಳಿಗೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, ಮಡಿಯಲ್ಲಿ ಮೂರು ವಾರ ಬೆಳೆದ ಎರಡು ಸಸಿಗಳನ್ನು ನೆಡುತ್ತಾರೆ. ಸಸಿ ಬೇರೂರಿದ ಮೇಲೆ, ನಾಟಿಯಾದ 15ನೇ ದಿನದಿಂದ 45ನೇ ದಿನದೊಳಗೆ, ಎರಡೂ ದಿಕ್ಕಿಗೆ ಎಡೆಕುಂಟೆ ಹೊಡೆಯುತ್ತಾರೆ. ಕಳೆಯ ಬೇರು ತುಂಡಾಗುತ್ತದೆ, ಮಣ್ಣು ಸಡಿಲವಾಗಿ ಗಾಳಿಯಾಡುತ್ತದೆ. ಇಷ್ಟರವರೆಗೆ ಯಾವ ಬೇಸಾಯಗಾರನೂ ಒಪ್ಪುವ ಮಾತು. ಅದೇ ದಿನಗಳಲ್ಲಿ ಅವರು ಮಾಡುವ ಇನ್ನೊಂದು ಕೆಲಸವನ್ನು ಮೊದಲ ಸಲ ನೋಡಿದವರ ಎದೆ ಧಸಕ್ಕೆನ್ನುತ್ತದೆ: ಎತ್ತು ಕಟ್ಟಿ, ಹಸಿರಾಗಿ ಎದ್ದು ನಿಂತಿರುವ ಎಳೆ ಪೈರಿನ ಮೇಲೆಯೇ ಹಗುರವಾದ ಮರದ ಕೊರಡನ್ನು ಎಳೆಯುತ್ತಾರೆ. ಪೈರೆಲ್ಲ ಬಾಗಿ ನೆಲಕ್ಕೆ ಒರಗುತ್ತದೆ. ಕೆಲವೇ ದಿನಗಳಲ್ಲಿ ಅದು ತಲೆಯೆತ್ತುವಾಗ ಬುಡದಲ್ಲಿ ಹೊಸ ಬೇರು ಇಳಿದಿರುತ್ತದೆ, ತೆಂಡೆ, ಅಂದರೆ ಬುಡದ ಕವಲು, ಒಡೆಯಲು ತೊಡಗಿರುತ್ತದೆ. ಒಂದು ಬುಡಕ್ಕೆ 40ಕ್ಕೂ ಹೆಚ್ಚು ತೆಂಡೆ ಬರುವುದು ಈ ಹೊಲಗಳಲ್ಲಿ ಅಪರೂಪವಲ್ಲ. ಮಳೆಯಾಶ್ರಿತ ರಾಗಿ ಹೆಕ್ಟೇರಿಗೆ 12ರಿಂದ 20 ಕ್ವಿಂಟಲ್ ಬರುವ ಕಡೆ ಗುಳಿ ಪದ್ಧತಿಯಲ್ಲಿ 45ರಿಂದ 50 ಕ್ವಿಂಟಲ್‌ವರೆಗೆ ಇಳುವರಿ ಬಂದದ್ದು ದಾಖಲಾಗಿದೆ.

ಇಲ್ಲಿ ಸಂಶೋಧನೆಯ ಲಕ್ಷಣವೇನಿದೆ ಎಂದು ಹುಡುಕುವವರು ಆ ಕೊರಡನ್ನೇ ನೋಡಬೇಕು. ನೆಟ್ಟ ಪೈರನ್ನು ಒರಗಿಸಿದರೆ ಒಳ್ಳೆಯದಾಗುತ್ತದೆ ಎಂದು ಯಾರಿಗೂ ತಾನಾಗಿ ಹೊಳೆಯುವುದಿಲ್ಲ. ಯಾರೋ ಒಬ್ಬರು ಯಾವುದೋ ಕಾರಣಕ್ಕೆ ಬಾಗಿದ ಪೈರು ಹೆಚ್ಚು ತೆಂಡೆ ಒಡೆದದ್ದನ್ನು ಗಮನಿಸಿರಬೇಕು; ಮುಂದಿನ ವರ್ಷ ಹೊಲದ ಒಂದು ಮೂಲೆಗೆ ಮಾತ್ರ ಕೊರಡು ಹೊಡೆದು, ಉಳಿದದ್ದನ್ನು ಹಾಗೇ ಬಿಟ್ಟು ಹೋಲಿಸಿರಬೇಕು; ಪೈರು ಎಷ್ಟು ಎಳೆಯದಾಗಿದ್ದರೆ ಕಿತ್ತು ಬರುತ್ತದೆ, ಎಷ್ಟು ಬಲಿತಿದ್ದರೆ ಮುರಿಯುತ್ತದೆ ಎಂಬುದನ್ನು ಕಳೆದುಕೊಂಡೇ ಕಲಿತಿರಬೇಕು. ಊಹೆ, ಹೋಲಿಕೆ, ತಿದ್ದುಪಡಿ ಎಲ್ಲವೂ ಇದರಲ್ಲಿವೆ; ಇಲ್ಲದಿರುವುದು ಕಾಗದ ಮಾತ್ರ. ಆ ರೈತರು ಯಾರೆಂದು ನಮಗೆ ಗೊತ್ತಿಲ್ಲ, ಅವರ ಬಿದ್ದ ಬೆಳೆಗಳ ಲೆಕ್ಕವೂ ನಮಗಿಲ್ಲ. ಬರೆದಿಟ್ಟದ್ದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ, ಎಳೆಯ ಸಸಿಗಳನ್ನು ದೂರ ದೂರ ನೆಡುವ ಭತ್ತದ ‘ಶ್ರೀ’ ಪದ್ಧತಿಯನ್ನು ನೋಡಿ. ಮಡಗಾಸ್ಕರ್ ದ್ವೀಪದಲ್ಲಿ ರೈತರ ನಡುವೆ ಕೆಲಸ ಮಾಡುತ್ತಿದ್ದ ಪಾದ್ರಿ ಆನ್ರಿ ದ ಲೋಲಾನಿಯೆ ಅವರು 1983ರ ಮಳೆ ಕೊರತೆಯಲ್ಲಿ ಎಳೆಯ ಸಸಿಗಳನ್ನು ನೆಡಿಸಿ, ಆದದ್ದನ್ನು ಗಮನಿಸಿ ಬರೆದಿಟ್ಟರು. ವಿಜ್ಞಾನಿಗಳ ನಡುವೆ ಅದರ ಕುರಿತು ವರ್ಷಗಟ್ಟಲೆ ಜಗಳವಾಯಿತು, ಆದರೂ ಅದು ಹತ್ತಾರು ದೇಶಗಳ ಗದ್ದೆಗಳನ್ನು ತಲುಪಿತು. ಗುಳಿ ರಾಗಿಯನ್ನು ಗ್ರೀನ್ ಫೌಂಡೇಶನ್‌ನಂಥ ಸ್ವಯಂಸೇವಾ ಸಂಸ್ಥೆಗಳು ಹಾವೇರಿಯಿಂದ ಹೊರಗೆ ಪರಿಚಯಿಸುವವರೆಗೆ ಅದು ನೆಂಟರಿಷ್ಟರ ಮಾತಿನಲ್ಲಿ ಮಾತ್ರ ಓಡಾಡುತ್ತಿತ್ತು.

ಇನ್ನು ಅಳತೆಯ ಪ್ರಶ್ನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ನಮ್ಮ ತುಮಕೂರು ಸೀಮೆಯಲ್ಲಿ ರಾಗಿ ಹೊಲವೆಂದರೆ ಬರೀ ರಾಗಿಯ ಹೊಲವಲ್ಲ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಬಿಳಿಜೋಳ ಇರುತ್ತವೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ, ಅವರೆ ಉದುರಿಸಿದ ಎಲೆ ಮಣ್ಣಿಗೆ ಸೇರುತ್ತದೆ, ರಾಗಿ ಕೊಯ್ದ ಮೇಲೂ ಇಬ್ಬನಿಯನ್ನು ನಂಬಿ ನಿಂತ ಅವರೆ ಮಾಗಿಯಲ್ಲಿ ಸೊಗಡಿನ ಕಾಯಿ ಕೊಡುತ್ತದೆ, ತೊಗರಿಕಡ್ಡಿ ಒಲೆಗಾಗುತ್ತದೆ. ರಾಗಿ ಹುಲ್ಲು ಬಣವೆ ಸೇರಿ ಬೇಸಿಗೆಯಿಡೀ ದನಗಳನ್ನು ಕಾಯುತ್ತದೆ, ಆ ದನಗಳ ಗೊಬ್ಬರ ಮರುವರ್ಷ ಹೊಲಕ್ಕೆ ಬರುತ್ತದೆ. ಇಂಥ ಹೊಲವನ್ನು ‘ಹೆಕ್ಟೇರಿಗೆ ಎಷ್ಟು ಕ್ವಿಂಟಲ್ ರಾಗಿ’ ಎಂಬ ಒಂದೇ ತಕ್ಕಡಿಯಲ್ಲಿ ಇಟ್ಟರೆ ಅದು ಏಕಬೆಳೆಯ ತಾಕಿನ ಮುಂದೆ ಪ್ರತಿ ಸಲವೂ ಸೋಲುತ್ತದೆ. ಮಳೆ ಕೈಕೊಟ್ಟ ವರ್ಷ ರಾಗಿ ಹೋದರೂ ತೊಗರಿ, ಅವರೆ ಉಳಿಯುತ್ತವೆ ಎಂಬ ಭದ್ರತೆಗೆ ಆ ತಕ್ಕಡಿಯಲ್ಲಿ ತೂಕವೇ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಹೋಬಳಿಯಲ್ಲಿ ನಡೆದ ಕ್ಷೇತ್ರೋತ್ಸವವೊಂದರಲ್ಲಿ ಹೊಸ ತಳಿಯ ತಾಕಿನ ಮುಂದೆ ಎಲ್ಲರೂ ನಿಂತಿದ್ದೆವು. ವಯಸ್ಸಾದ ಹೆಣ್ಣುಮಗಳೊಬ್ಬರು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ಕಾಳು ನೋಡಿದರು. ಬಳಿಕ ಬಗ್ಗಿ, ದಂಟನ್ನು ಉಗುರಿನಿಂದ ಒತ್ತಿ, ‘ಕಾಳೇನೋ ಚೆನ್ನಾಗೈತೆ ಸಾರ್, ಹುಲ್ಲು ದನ ತಿಂತಾವಾ?’ ಎಂದು ಕೇಳಿದರು. ವಿವರಣೆ ನೀಡುತ್ತಿದ್ದ ಅಧಿಕಾರಿ ಪ್ರಾಮಾಣಿಕರು. ‘ಅದನ್ನು ನೋಡಿಲ್ಲಮ್ಮ’ ಎಂದರು. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಗಿಡದ ಎತ್ತರ, ತೆಂಡೆ, ತೆನೆ, ಇಳುವರಿ, ಬೆಂಕಿರೋಗ ಎಲ್ಲಕ್ಕೂ ಅಂಕಣವಿತ್ತು, ಹುಲ್ಲಿನ ರುಚಿಗೆ ಇರಲಿಲ್ಲ. ಅಧಿಕಾರಿಯ ತಪ್ಪು ಇದರಲ್ಲಿ ಏನೂ ಇಲ್ಲ. ಪ್ರಯೋಗ ರೂಪಿಸುವ ಮೇಜಿನ ಸುತ್ತ ದನ ಕಟ್ಟಿದವರು ಒಬ್ಬರೂ ಕೂತಿರಲಿಲ್ಲ, ಅಷ್ಟೇ. ಊರಿನ ಹೆಚ್ಚಿನವರು ಆ ತಳಿಯನ್ನು ಬಿತ್ತಲಿಲ್ಲ. ವರದಿಯಲ್ಲಿ ಅದು ‘ರೈತರಲ್ಲಿ ಅರಿವಿನ ಕೊರತೆ’ ಎಂದು ದಾಖಲಾಗಿದ್ದರೂ ನನಗೆ ಆಶ್ಚರ್ಯವಾಗದು.

ಹೀಗೆಂದ ಮಾತ್ರಕ್ಕೆ ನಾನು ಕೃಷಿ ವಿಜ್ಞಾನಿಗಳ ವಿರೋಧಿಯಲ್ಲ. ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರ ಋಣ ಈ ನಾಡಿನ ಪ್ರತಿ ಮುದ್ದೆಯ ತಟ್ಟೆಯ ಮೇಲಿದೆ. ಬೆಂಕಿರೋಗ ತಡೆಯುವ ಜಿಪಿಯು-28 ತಳಿ ಬಂದ ಮೇಲೆ ನಾವು ನೆಮ್ಮದಿಯಾಗಿ ರಾಗಿ ಬೆಳೆಯುತ್ತಿದ್ದೇವೆ. ರೋಗನಿರೋಧಕ ಗುಣವನ್ನು ಪತ್ತೆಹಚ್ಚುವುದು, ಮಣ್ಣಿನ ಜೀವಿಗಳನ್ನು ಎಣಿಸುವುದು, ಅಂಕಿ ಅಂಶಗಳಲ್ಲಿ ನಿಜವಾದ ವ್ಯತ್ಯಾಸ ಯಾವುದು, ಆಕಸ್ಮಿಕ ಯಾವುದು ಎಂದು ಬೇರ್ಪಡಿಸುವುದು ನಮ್ಮಿಂದ ಆಗದ ಕೆಲಸ. ಹಾಗೆಯೇ ಯಾವ ಗಿಡ ಎಲ್ಲಿ ಹೇಗೆ ನಿಂತಿತು ಎಂದು ವರ್ಷವಿಡೀ ನೋಡುವುದು ಅವರಿಂದ ಆಗದ ಕೆಲಸ. ಅಡಿಕೆಯ ಹಳದಿ ಎಲೆ ರೋಗಕ್ಕೆ ದಶಕಗಳಿಂದ ಮದ್ದು ಸಿಕ್ಕಿಲ್ಲ. ಈಗ ಭರವಸೆ ಹುಟ್ಟಿಸಿರುವ ದಾರಿಯೆಂದರೆ ರೋಗ ಹೊಕ್ಕ ತೋಟಗಳಲ್ಲೇ ರೋಗ ತಗಲದೆ ಉಳಿದ ಮರಗಳನ್ನು ಗುರುತಿಸಿ, ಅವುಗಳಿಂದ ಗಿಡ ಮಾಡುವುದು. ತೋಟದಲ್ಲಿ ಸುತ್ತಲಿನದೆಲ್ಲ ಹಳದಿಯಾದರೂ ಹಸಿರಾಗಿ ನಿಂತ ಮರ ಯಾವುದು, ಎಷ್ಟು ವರ್ಷದಿಂದ ಹಾಗೆ ನಿಂತಿದೆ ಎಂಬುದು ತೋಟದವರಿಗಲ್ಲದೆ ಬೇರೆ ಯಾರಿಗೆ ಗೊತ್ತಿರುತ್ತದೆ?

ರೈತರ ಕಡೆಯ ದೋಷವನ್ನೂ ಹೇಳದಿದ್ದರೆ ಈ ಪತ್ರ ಪಕ್ಷಪಾತವಾದೀತು. ಸಾವಯವ, ನೈಸರ್ಗಿಕ ಎಂಬ ಹೆಸರಿನಲ್ಲಿ ನಮ್ಮಲ್ಲಿ ಪವಾಡದ ಕತೆಗಳಿಗೆ ಬರವಿಲ್ಲ. ಒಂದೇ ಕಷಾಯ ಎಲ್ಲ ರೋಗಕ್ಕೂ ಮದ್ದು ಎನ್ನುವವರಿದ್ದಾರೆ. ಹೊಲದ ಒಂದು ಪಟ್ಟಿಯನ್ನಾದರೂ ಸಿಂಪಡಿಸದೆ ಬಿಟ್ಟು ನೋಡಿದ್ದೀರಾ ಎಂದರೆ ಮುನಿಸಿಕೊಳ್ಳುತ್ತಾರೆ. ಒಳ್ಳೆಯ ಮಳೆಯಾದ ವರ್ಷದ ಫಸಲನ್ನು ತಮ್ಮ ಪದ್ಧತಿಯ ಖಾತೆಗೆ, ಕೆಟ್ಟ ವರ್ಷದ್ದನ್ನು ಮಳೆಯ ಖಾತೆಗೆ ಬರೆಯುವುದು ಸುಲಭ. ಇದರಲ್ಲಿ ಪತ್ರಿಕೆಗಳ ಪಾಲೂ ಇದೆ ಎಂದು ತಮ್ಮಲ್ಲಿ ಸವಿನಯವಾಗಿ ನಿವೇದಿಸುತ್ತೇನೆ. ‘ಎಕರೆಗೆ ಲಕ್ಷ ಲಕ್ಷ ಆದಾಯ’ ಎಂಬ ಶೀರ್ಷಿಕೆಯ ಕೆಳಗೆ, ಎಷ್ಟು ವರ್ಷಗಳ ಸರಾಸರಿ ಅದು, ಪಕ್ಕದಲ್ಲಿ ಹೋಲಿಕೆಗೆ ತಾಕು ಇತ್ತೇ, ಮೊದಲು ಮಾಡಿ ಕೈಬಿಟ್ಟದ್ದೇನು ಎಂಬ ಮೂರು ಸಾಲು ಇದ್ದರೆ ಓದುವ ರೈತನಿಗೆ ಎಷ್ಟೋ ಉಪಕಾರ. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು ಬರೆಸಿದ್ದರಿಂದ ಕರಾವಳಿ, ಮಲೆನಾಡಿನ ಎಷ್ಟೋ ತೋಟಗಳ ಅನುಭವ ತೋಟದ ಬೇಲಿ ದಾಟಿತು. ಬಯಲುಸೀಮೆಯ ಒಣಬೇಸಾಯಕ್ಕೆ ಅಂಥ ಭಾಗ್ಯ ಅಷ್ಟಾಗಿ ಒದಗಲಿಲ್ಲ.

ರೈತ ಕಂಡುಕೊಂಡದ್ದರ ಹಕ್ಕು ಯಾರದು ಎಂಬ ವಿಷಯಕ್ಕೆ ಬರುತ್ತೇನೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯ ದಾದಾಜಿ ಖೋಬ್ರಾಗಡೆ ಅವರು 1983ರಲ್ಲಿ ತಮ್ಮ ಭತ್ತದ ಗದ್ದೆಯಲ್ಲಿ ಬೇರೆ ಬಣ್ಣದ ಕೆಲವೇ ತೆನೆಗಳನ್ನು ಗಮನಿಸಿ, ಆರಿಸಿ, ವರ್ಷ ವರ್ಷವೂ ಬಿತ್ತಿ ಸಣ್ಣಕ್ಕಿಯ ತಳಿಯೊಂದನ್ನು ರೂಪಿಸಿದರು. ಆ ಅಕ್ಕಿಗೆ ಹೆಸರಿರಲಿಲ್ಲವಾದ್ದರಿಂದ ವ್ಯಾಪಾರಿಯೊಬ್ಬರು ಆಗ ಜನಪ್ರಿಯವಾಗಿದ್ದ ಕೈಗಡಿಯಾರದ ಹೆಸರಿಟ್ಟರು. ಹೀಗೆ ನಮ್ಮ ಬೆಂಗಳೂರಿನ ಎಚ್‌ಎಂಟಿ ಊರೂರಿನ ಅಕ್ಕಿ ಮೂಟೆಗಳ ಮೇಲೆ ಬಂದು ಕೂತಿತು. ತೊಂಬತ್ತರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯವೊಂದು ಅವರಿಂದ ಬೀಜ ಪಡೆದು, ಶುದ್ಧೀಕರಿಸಿ, ತನ್ನ ಹೆಸರನ್ನು ಮುಂದಕ್ಕೆ ಸೇರಿಸಿ ತಳಿಯನ್ನು ಬಿಡುಗಡೆ ಮಾಡಿತು. ಪ್ರಶಸ್ತಿಗಳು ಬಂದವಾದರೂ ದಾದಾಜಿಯವರು 2018ರಲ್ಲಿ ತೀರಿಕೊಂಡದ್ದು ಬಡತನದಲ್ಲೇ.

ಇದಕ್ಕೆ ಎದುರಾಗಿ ನಮ್ಮ ಜಿಲ್ಲೆಯದೇ ಉದಾಹರಣೆಯೊಂದಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ತೋಟವೊಂದರಲ್ಲಿದ್ದ ಕೆಂಪು ತೊಳೆಯ ಹಲಸಿನ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿದರು. ಮರವನ್ನು ನೆಟ್ಟ ಹಿರಿಯರ ಹೆಸರಿನಲ್ಲೇ ತಳಿಗೆ ‘ಸಿದ್ದು’ ಎಂದು ಕರೆದರು. 2017ರಲ್ಲಿ ಒಪ್ಪಂದ ಮಾಡಿಕೊಂಡು, ಕಸಿ ಗಿಡಗಳ ಮಾರಾಟದಿಂದ ಬರುವ ಹಣದಲ್ಲಿ ಮುಕ್ಕಾಲು ಪಾಲು ರೈತ ಕುಟುಂಬಕ್ಕೆ ಸೇರುವಂತೆ ಮಾಡಿದರು. ಎರಡು ಕತೆಗಳಲ್ಲೂ ವಿಜ್ಞಾನಿಗಳಿದ್ದಾರೆ, ರೈತರಿದ್ದಾರೆ. ವ್ಯತ್ಯಾಸವಾದದ್ದು ಬರವಣಿಗೆಯ ಕರಾರಿನಿಂದ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆ ರೈತನನ್ನೂ ತಳಿ ಅಭಿವೃದ್ಧಿಕಾರನೆಂದು ಒಪ್ಪುತ್ತದೆ, ತಳಿ ನೋಂದಾಯಿಸಲು ಅವಕಾಶ ಕೊಡುತ್ತದೆ. ಆದರೆ ಆ ಕಾಯ್ದೆ ಇರುವುದು ಬೀಜಕ್ಕೆ. ಕೊರಡು ಹೊಡೆಯುವ ಹದವನ್ನು ಕಂಡುಕೊಂಡವರಿಗೆ, ಅಕ್ಕಡಿಯ ಹೊಸ ಜೋಡಣೆಯನ್ನು ರೂಪಿಸಿದವರಿಗೆ ಅಂಥ ಹಕ್ಕು ಕೊಡುವ ಕಾಯ್ದೆ ನಮ್ಮಲ್ಲಿಲ್ಲ.

ಸನ್ಮಾನಗಳಿಗೇನೂ ಕೊರತೆಯಿಲ್ಲ ಎನ್ನಿ. ಕಾಸರಗೋಡಿನ ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಬಂತು. ಗದ್ದೆ ಸಾಲದಾದಾಗ ಅವರು ಗ್ರೋಬ್ಯಾಗುಗಳಲ್ಲಿ ಭತ್ತ ಬೆಳೆಸಿ ತಳಿ ಉಳಿಸುವ ಉಪಾಯವನ್ನೂ ಕಂಡುಕೊಂಡವರು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರ ಭತ್ತದ ಸಂಗ್ರಹವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಶಾಲು ಹೊದೆಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಆದರೆ ಅವರ ಸಂಗ್ರಹದಲ್ಲಿ ನೆರೆಯನ್ನು ತಡೆಯುವ ತಳಿ ಯಾವುದು, ಉಪ್ಪುನೀರಿಗೆ ಜಗ್ಗದ್ದು ಯಾವುದು, ಗೊಬ್ಬರವಿಲ್ಲದೆಯೂ ತೂಗುವುದು ಯಾವುದು ಎಂದು ಅವರೊಂದಿಗೆ ಕೂತು, ಅವರಿಗೂ ಸಂಶೋಧಕರ ಗೌರವಧನ ಕೊಟ್ಟು, ಹಲವು ಊರುಗಳಲ್ಲಿ ಪರೀಕ್ಷಿಸಲು ಬೇಕಾದ ಹಣ ಯಾವ ಬಜೆಟ್ಟಿನ ಯಾವ ತಲೆಬರಹದ ಕೆಳಗಿದೆ?

ಮಾಡುವುದು ಅಸಾಧ್ಯವೇನಲ್ಲ. ಆಫ್ರಿಕದ ಮಲಾವಿ ದೇಶದಲ್ಲಿ 1990ರ ದಶಕದಲ್ಲಿ ‘ತಾಯಿ–ಮಗು’ ಎಂಬ ಪ್ರಯೋಗ ಕ್ರಮವೊಂದು ರೂಪುಗೊಂಡಿತು. ಊರ ನಡುವಿನ ಒಂದು ತಾಕಿನಲ್ಲಿ ವಿಜ್ಞಾನಿಗಳು ಎಲ್ಲ ಪದ್ಧತಿಗಳನ್ನೂ ಶಿಸ್ತಾಗಿ ಹೋಲಿಸುತ್ತಾರೆ. ಸುತ್ತಲಿನ ಹತ್ತಾರು ರೈತರು ಅದರಲ್ಲಿ ತಮಗೆ ಬೇಕೆನಿಸಿದ ಒಂದೆರಡನ್ನು ಮಾತ್ರ ಆರಿಸಿಕೊಂಡು, ತಮ್ಮ ಹೊಲದಲ್ಲಿ ತಮ್ಮದೇ ರೂಢಿಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಒಬ್ಬೊಬ್ಬರ ಹೊಲವೂ ಒಂದು ಪುನರಾವರ್ತನೆಯಾಗುವುದರಿಂದ ವಿಜ್ಞಾನಿಗೆ ಬೇಕಾದ ಲೆಕ್ಕವೂ ಸಿಗುತ್ತದೆ, ಮಣ್ಣಿನಿಂದ ಮಣ್ಣಿಗೆ ಫಲ ಹೇಗೆ ಬದಲಾಗುತ್ತದೆ ಎಂಬ ರೈತನ ಪ್ರಶ್ನೆಗೂ ಉತ್ತರ ಸಿಗುತ್ತದೆ. ನೈಸರ್ಗಿಕ ಕೃಷಿ ಅಭಿಯಾನದ ಕ್ಲಸ್ಟರ್‌ಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಪ್ರಾತ್ಯಕ್ಷಿಕೆಗೆಂದು ಮೀಸಲಿಟ್ಟ ಹಣದ ಒಂದು ಭಾಗವನ್ನು ಇದಕ್ಕೆ ತಿರುಗಿಸಬಹುದು. ಪ್ರಶ್ನೆಗಳನ್ನು ಊರಿನವರೇ ಮುಂಗಾರಿಗೆ ಮೊದಲು ಕೂತು ಆರಿಸಲಿ. ನಮ್ಮೂರಿನವರನ್ನು ಕೇಳಿದರೆ, ಬಿತ್ತನೆ ತಡವಾದ ವರ್ಷ ಅಕ್ಕಡಿಗೆ ಯಾವ ಅವರೆ ಹೊಂದುತ್ತದೆ, ಎತ್ತು ಮಾರಿದವರು ಕೊರಡಿನ ಬದಲು ಏನನ್ನು ಎಳೆಯಬಹುದು ಎಂಬಂಥವೇ ಮೊದಲು ಬಂದಾವು. ಇವಕ್ಕೆ ಸಂಶೋಧನಾ ಪತ್ರಿಕೆಗಳಲ್ಲಿ ಬೆಲೆ ಇಲ್ಲದಿರಬಹುದು, ನಮ್ಮಲ್ಲಿ ಇದೆ.

ಪ್ರಯೋಗದ ತಾಕಿನಲ್ಲಿ ಬೆಳೆ ಹೋದರೆ ಆ ನಷ್ಟವನ್ನು ಭರಿಸುವ ವ್ಯವಸ್ಥೆ ಇಲ್ಲದೆ ಇದೊಂದೂ ನಡೆಯದು. ಸಂಶೋಧನಾ ಕೇಂದ್ರದ ತಾಕು ಬಿದ್ದುಹೋದರೂ ಅಲ್ಲಿನವರ ಸಂಬಳ ನಿಲ್ಲುವುದಿಲ್ಲ. ಅರ್ಧ ಎಕರೆಯವನ ಐದು ಗುಂಟೆ ಬಿದ್ದರೆ ಮನೆಯ ರಾಗಿಯೇ ಕಡಿಮೆಯಾಗುತ್ತದೆ. ಸೋತ ಪ್ರಯೋಗವನ್ನೂ ಗೆದ್ದದ್ದರಷ್ಟೇ ನಿಷ್ಠೆಯಿಂದ ಕನ್ನಡದಲ್ಲಿ ಪ್ರಕಟಿಸಬೇಕು, ಪಕ್ಕದ ತಾಲ್ಲೂಕಿನವರು ಅದೇ ಗುಂಡಿಗೆ ಮತ್ತೆ ಬೀಳದಿರಲು ಅದು ಬೇಕೇ ಬೇಕು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ರೈತರ ಹೆಸರನ್ನು ಪಹಣಿ ನೋಡಿ ಬರೆಯುವ ಪರಿಪಾಠವನ್ನೂ ಬಿಡಬೇಕು. ನಮ್ಮ ಕಡೆ ಕಣದಲ್ಲಿ ಬಿತ್ತನೆಗೆ ತೆನೆ ಆರಿಸುವವರು, ಬೂದಿ ಬೆರೆಸಿ ಕಾಪಿಡುವವರು, ಯಾವ ಅವರೆ ಬೇಗ ಬೇಯುತ್ತದೆ ಎಂದು ಬಲ್ಲವರು ಹೆಂಗಸರು. ಪಹಣಿ ಮಾತ್ರ ಗಂಡನ ಇಲ್ಲವೇ ಮಾವನ ಹೆಸರಿನಲ್ಲಿರುತ್ತದೆ. ಕೆಲಸ ಮಾಡಿ, ಕಂಡದ್ದನ್ನು ಹೇಳಿದವರು ಯಾರೋ ಅವರ ಹೆಸರೇ ಆ ಪುಸ್ತಕದಲ್ಲೂ ಮುಂದೆ ಹೊರಬರುವ ವರದಿಯಲ್ಲೂ ಇರುವಂತೆ ಕೃಷಿ ಇಲಾಖೆ ಈ ಮುಂಗಾರಿನೊಳಗೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಾಗಿ ಬೆಳೆಗಾರ, ತುಮಕೂರು ಜಿಲ್ಲೆ